ದೊಡ್ಡ ಮದ್ದು, ಸಣ್ಣ ಚೌಕಟ್ಟು!

ಇಟಗಿಯ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಬರ ಇರಬಹುದು, ಮಾತಿಗೆ ಬರವಿಲ್ಲ. ಮಳೆ, ಶೇಂಗಾ ರೇಟು, ಎಲೆಕ್ಷನ್ನು, ಯಾರದೋ ಮನೆಯ ಮುರಿದ ಸಂಬಂಧ, ಎಲ್ಲದಕ್ಕೂ ಅಲ್ಲಿ ಪಂಡಿತರುಂಟು. ಮೊನ್ನೆ ಸಂಜೆ ಗಜೇಂದ್ರಗಡದ ಬಸ್ಸಿಗೆ ಕಾಯುತ್ತ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತಾಗ ಕಿವಿಗೆ ಬಿದ್ದ ವಿಷಯ ಮಾತ್ರ ಹೊಸದು. ರಿವಾಲ್ವರು!

ಮಾತು ತೆಗೆದವರು ಕಿರಾಣಿ ಅಂಗಡಿಯ ಸಾವಕಾರರೊಬ್ಬರು. ಹೆಸರು ಬರೆಯುವುದಿಲ್ಲ. ಬರೆದರೆ ನಾಳೆಯಿಂದ ನನಗೆ ಉದ್ರಿ ಬಂದ್!

"ರಾತ್ರಿ ಒಂಬತ್ತಕ್ಕ ಬಾಗಲಾ ಹಾಕತೇನ್ರೀ. ಗಲ್ಲೆ ರೊಕ್ಕ ಚೀಲದಾಗ ಹಾಕ್ಕೊಂಡು ಕತ್ತಲದಾಗ ಮನಿಗೆ ಹೋಗಬೇಕು. ಯಾವನರೆ ಅಡ್ಡ ಬಂದ್ರ ಏನ್ ಮಾಡೂದು? ಒಂದು ರಿವಾಲ್ವರ್ ತಗೋಬೇಕಂತ ಮಾಡೇನಿ. ಸಣ್ಣದಿರಬೇಕು, ಅಂಗಿ ಕಿಸೆದಾಗ ಹಿಡಿಸಬೇಕು. ಗುಂಡು ಮಾತ್ರ ದೊಡ್ಡದು ಹೊಡೀಬೇಕು. ಮ್ಯಾಗ್ನಂ!"

ಪಕ್ಕದಲ್ಲಿದ್ದ ತರುಣ ಮೊಬೈಲಿನಲ್ಲಿ ಇಂಥ ನೂರು ವಿಡಿಯೋ ನೋಡಿದವನು. "ಹೌದ್ರೀ ಸಾವಕಾರ್ರ, ಪಾಯಿಂಟ್ 32 ಅಂದ್ರ ಹುಡುಗರ ಆಟಿಗಿ ಸಾಮಾನು. ಹೊಡದ್ರ ಮ್ಯಾಗ್ನಂ ಹೊಡೀಬೇಕು" ಎಂದು ತೀರ್ಪು ಕೊಟ್ಟ. ಮೂರನೆಯವನೊಬ್ಬ ಆಚೀಚೆ ನೋಡಿ ದನಿ ತಗ್ಗಿಸಿದ: "ಲೈಸೆನ್ಸಿನ ಉಸಾಬರಿ ಯಾಕ್ರೀ? ಲೋಕಲ್ ಮಾಲ್ ಸಿಗತೈತಿ. ಲಕ್ಷ ಬ್ಯಾಡ, ಸಾವಿರದಾಗ ಮುಗೀತೈತಿ. ಎಂಥಾ ತೋಟಾ ಹಾಕಿದ್ರೂ ಹಾರತೈತಿ!"

ಅಷ್ಟರಲ್ಲಿ ಬಸ್ಸು ಬಂತು. ಮೂವರೂ ಸೀಟಿಗಾಗಿ ಓಡಿದರು. ನಾನೂ ಓಡಿದೆ. ಆದರೆ ಆ ಮೂರು ಮಾತು ತಲೆಯಿಂದ ಇಳಿಯಲಿಲ್ಲ. ಮೊದಲನೆಯದು ತಪ್ಪು ತಿಳಿವಳಿಕೆ. ಎರಡನೆಯದು ಸಿನೆಮಾ ಹುಚ್ಚು. ಮೂರನೆಯದು ಒಬ್ಬ ಮನುಷ್ಯನ ಕೈಯನ್ನೇ ಕಿತ್ತುಕೊಂಡು ಹೋಗುವ ಮಾತು. ಆದ್ದರಿಂದ ಈ ವಾರ ಗಟಾರ, ನಲ್ಲಿ ನೀರಿನ ಸುದ್ದಿ ಬದಿಗಿಟ್ಟು ಇದನ್ನೇ ಬರೆಯೋಣ ಅಂತ ಕುಳಿತಿದ್ದೇನೆ. ಓದುಗ ಮಹಾಶಯರು ಸ್ವಲ್ಪ ಸೈರಿಸಬೇಕು.

ಚಕ್ಕಡಿಯ ಲೆಕ್ಕ

ನಮ್ಮ ರೈತನಿಗೆ ಒಂದು ಲೆಕ್ಕ ಗೊತ್ತು. ಚಕ್ಕಡಿಗೆ ಎಷ್ಟು ಚೀಲ ಹೇರಬೇಕು ಅನ್ನೋದು ಎತ್ತಿನ ಶಕ್ತಿಯೊಂದನ್ನೇ ನೋಡಿ ಹೇಳುವ ಮಾತಲ್ಲ, ಅಚ್ಚು ನೋಡಿ ಹೇಳುವ ಮಾತು. ಎತ್ತು ಎಳೆದೀತು, ಅಚ್ಚು ಮುರಿದರೆ? ನಡುದಾರಿಯಲ್ಲಿ ಚೀಲ ಚೆಲ್ಲಿ ಕೂಡಬೇಕಾಗುತ್ತದೆ. ರಿವಾಲ್ವರಿನ ಲೆಕ್ಕವೂ ಇದೇ. ತೋಟಾದೊಳಗಿನ ಮದ್ದು ಎತ್ತು. ಚೌಕಟ್ಟು ಅಚ್ಚು. ಇಂಗ್ಲಿಷಿನವರು ಫ್ರೇಮ್ ಅನ್ನುವುದು ಇದಕ್ಕೇ.

ರಿವಾಲ್ವರನ್ನು ಎದುರಿಗಿಟ್ಟುಕೊಂಡು ನೋಡಿದವರು ಕಡಿಮೆ. ಪೋಲೀಸ್ ಅಧಿಕಾರಿಯ ಸೊಂಟದಲ್ಲಿ ಕಂಡಿರಬಹುದು, ಅಷ್ಟೇ. ಅದರ ನಡುವೆ ಒಂದು ಕಿಟಕಿ ಇರುತ್ತದೆ. ಆ ಕಿಟಕಿಯಲ್ಲಿ ತಿರುಗುವುದು ಸಿಲಿಂಡರು. ಅದರೊಳಗೆ ಐದೋ ಆರೋ ತೋಟಾ ಕೂಡುತ್ತವೆ. ಮುಂದೆ ನಳಿಗೆ, ಹಿಂದೆ ಹಿಡಿಕೆ. ಇವೆಲ್ಲವನ್ನೂ ಒಂದಕ್ಕೊಂದು ಬಿಗಿದು ಹಿಡಿದ ಕಬ್ಬಿಣದ ಕಟ್ಟೇ ಚೌಕಟ್ಟು. ಕಿಟಕಿಯ ಮೇಲೆ ಹಾದುಹೋದ ಪಟ್ಟಿ ಇದೆಯಲ್ಲ, ಅದು ಮನೆಯ ಬಾಗಿಲಿನ ಮೇಲಿನ ತೊಲೆ ಇದ್ದ ಹಾಗೆ.

ಕುದುರೆ ಎಳೆದಾಗ ಏನಾಗುತ್ತದೆ? ಮದ್ದು ಹೊತ್ತಿ ಉಗಿಯಾಗಿ ಹಿಗ್ಗುತ್ತದೆ. ಗುಂಡು ಮುಂದೆ ಹೋಗುತ್ತದೆ. ಅಷ್ಟೇ ಜೋರಿನಿಂದ ತೋಟಾದ ತಳ ಹಿಂದಕ್ಕೆ ಗುದ್ದುತ್ತದೆ. ಸಿಲಿಂಡರಿನ ಗೋಡೆ ಒತ್ತಡ ತಡೆದರೆ, ಈ ಹಿಂದಿನ ಗುದ್ದನ್ನು ತಿನ್ನುವುದು ಚೌಕಟ್ಟು. ಒಂದೊಂದು ಹೊಡೆತಕ್ಕೂ ಅದು ಕೂದಲೆಳೆಯಷ್ಟು ಹಿಗ್ಗಿ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ತಾಳುವಷ್ಟು ಮದ್ದಾದರೆ ಸಾವಿರ ಸಲವೂ ಬರುತ್ತದೆ. ಮೀರಿದ ಮದ್ದಾದರೆ ಒಂದು ದಿನ ಪೂರಾ ಬರುವುದಿಲ್ಲ. ಅಂದಿನಿಂದ ಸಿಲಿಂಡರು ಹಿಂದೆ ಮುಂದೆ ಕುಲುಕಾಡತೊಡಗುತ್ತದೆ. ಸಿಲಿಂಡರಿಗೂ ನಳಿಗೆಗೂ ನಡುವೆ ಒಂದೆರಡು ಹಾಳೆ ಕಾಗದದ ದಪ್ಪದ ಸಂದು ಇರಬೇಕು. ಅದು ದೊಡ್ಡದಾಗುತ್ತದೆ. ತೂತು ಮತ್ತು ನಳಿಗೆಯ ಬಾಯಿ ನೇರಕ್ಕೆ ನಿಲ್ಲುವುದು ತಪ್ಪುತ್ತದೆ. ಆಗ ಗುಂಡು ಒಳಗೇ ಕೆರೆದು ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಪಕ್ಕದಲ್ಲಿ ನಿಂತವನ ಮೋರೆಗೆ!

ಒತ್ತಡ ಎಷ್ಟೆಂದು ಕೇಳುತ್ತೀರಾ? ನಾವು ಹತ್ತಿದ ಬಸ್ಸಿನ ಗಾಲಿಯಲ್ಲಿರುವ ಗಾಳಿ ಚದರ ಇಂಚಿಗೆ ಸುಮಾರು 100 ಪೌಂಡು. ಅದು ಒಡೆದರೆ ಇಡೀ ಬಸ್ ಸ್ಟ್ಯಾಂಡು ಹೌಹಾರುತ್ತದೆ. ಪಾಯಿಂಟ್ 32 ರಿವಾಲ್ವರಿನ ತೋಟಾಕ್ಕೆ ಅಮೆರಿಕದ ತಯಾರಕರು ಹಾಕಿಕೊಂಡ ಮಿತಿ 15,000 ಪೌಂಡು. ಪಾಯಿಂಟ್ 38 ಸ್ಪೆಷಲ್‌ಗೆ 17,000. ಪಾಯಿಂಟ್ 357 ಮ್ಯಾಗ್ನಂಗೆ 35,000! ಒಂದಕ್ಕೆ ಎರಡರಷ್ಟು. ಈ ಎರಡರಷ್ಟನ್ನು ತಡೆಯುವ ಅಚ್ಚು ಅಂಗಿ ಕಿಸೆಯಲ್ಲಿ ಹಿಡಿಸೀತೇ? ಅದೇ ಪ್ರಶ್ನೆ.

ಬಾಟ್ಲಿಯಿಂದ ಬಂದ ಹೆಸರು

ಮ್ಯಾಗ್ನಂ ಅಂದರೆ ಏನೋ ಮಂತ್ರಾಸ್ತ್ರ ಅಂತ ತಿಳಿದವರಿದ್ದಾರೆ. ಆ ಹೆಸರು ಬಂದಿದ್ದು ಶಾಂಪೇನ್ ಬಾಟ್ಲಿಯಿಂದ ಸ್ವಾಮೀ! ಒಂದೂವರೆ ಲೀಟರಿನ ದೊಡ್ಡ ಬಾಟ್ಲಿಗೆ ಮ್ಯಾಗ್ನಂ ಅನ್ನುತ್ತಾರೆ. ಮಾಮೂಲಿ ಬಾಟ್ಲಿಯ ಎರಡರಷ್ಟು. ತೋಟಾದಲ್ಲೂ ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿದ್ದಕ್ಕೆ ಅದೇ ಹೆಸರು ಅಂಟಿತು. ನಮ್ಮಲ್ಲೂ ಗುಂಡು ಅಂದರೆ ಎರಡರ್ಥ ಇದ್ದೇ ಇದೆ. ಎರಡರಲ್ಲೂ ಜಾಸ್ತಿಯಾದರೆ ಗತಿ ಒಂದೇ.

1935ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ ಪಾಯಿಂಟ್ 357 ಮ್ಯಾಗ್ನಂ ಹೊರತಂದಿತು. ಹಳೆಯ ಪಾಯಿಂಟ್ 38 ಸ್ಪೆಷಲ್ ತೋಟಾವನ್ನೇ ಸ್ವಲ್ಪ ಉದ್ದ ಮಾಡಿದರು. ಎಷ್ಟು ಉದ್ದ? ಮೂರೂವರೆ ಮಿಲಿಮೀಟರಿಗೂ ಕಡಿಮೆ, ಒಂದು ಜೋಳದ ಕಾಳಿನಷ್ಟು. ಮದ್ದು ಹಿಡಿಸಲಿ ಅಂತ ಈ ಉದ್ದವಲ್ಲ. ಹೊಸ ತೋಟಾ ಹಳೆಯ, ಬಡ ರಿವಾಲ್ವರಿನ ತೂತಿನಲ್ಲಿ ಪೂರಾ ಕೂಡಬಾರದು, ಯಾವನೋ ಭೂಪ ಅದರಲ್ಲಿಟ್ಟು ಹಾರಿಸಿ ಕೈ ಸುಟ್ಟುಕೊಳ್ಳಬಾರದು ಅಂತ. ತೋಟಾ ಮಾಡಿದವನೇ ಹೆದರಿ ಜೋಳದ ಕಾಳಿನಷ್ಟು ಬೇಲಿ ಹಾಕಿದ ಅನ್ನೋದು ನೆನಪಿರಲಿ.

ಅದಕ್ಕೆ ಕೊಟ್ಟ ಚೌಕಟ್ಟು ಯಾವುದು? ಆ ಕಂಪನಿ ಚೌಕಟ್ಟುಗಳಿಗೆ ಅಕ್ಷರದ ಹೆಸರಿಡುತ್ತದೆ. ಜೆ ಅಂದರೆ ಸಣ್ಣದು, ಕೆ ಅಂದರೆ ಮಧ್ಯಮ, ಎನ್ ಅಂದರೆ ದೊಡ್ಡದು. ಮ್ಯಾಗ್ನಂ ಹುಟ್ಟಿದ್ದು ಎನ್ ಮೇಲೆ. ಸುಮಾರು 1,200 ಗ್ರಾಂ ತೂಕ. ಒಂದು ಕಿಲೋ ಬೆಲ್ಲದ ಪಿಂಡಿಗಿಂತ ಭಾರ. ದಿನವಿಡೀ ಸೊಂಟಕ್ಕೆ ಕಟ್ಟಿಕೊಂಡು ತಿರುಗುವ ಪೋಲೀಸರು ಗೊಣಗಿದರು. "ಇದು ರಿವಾಲ್ವರೋ, ಒರಳುಕಲ್ಲೋ?"

ಕೆ ಚೌಕಟ್ಟಿನ ಕತೆ

ಈ ಗೊಣಗಾಟದಿಂದ ಹುಟ್ಟಿದ್ದು ಮುಂದಿನ ಕತೆ. ನಮ್ಮ ಸಾವಕಾರರು ಕಿವಿಗೊಟ್ಟು ಕೇಳಬೇಕಾದ್ದು ಇದನ್ನೇ.

1955ರಲ್ಲಿ ಕಂಪನಿ ಮಧ್ಯಮ ಗಾತ್ರದ ಕೆ ಚೌಕಟ್ಟಿನಲ್ಲೇ ಮ್ಯಾಗ್ನಂ ರಿವಾಲ್ವರ್ ತಂದಿತು. ಮುಂದೆ ಅದಕ್ಕೆ ಮಾಡೆಲ್ 19 ಎಂದು ನಂಬರು ಬಿತ್ತು. ಗಡಿ ಕಾಯುವ ಪೋಲೀಸ್ ಅಧಿಕಾರಿ ಬಿಲ್ ಜೋರ್ಡನ್ ಎಂಬಾತನ ಸಲಹೆ ಅದರ ಹಿಂದಿತ್ತು. ತೂಕ ಒಂದು ಕಿಲೋದ ಆಸುಪಾಸು. ಸೊಂಟಕ್ಕೆ ಹಿತ, ಕೈಗೆ ಹಿತ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಆದರೆ ಅದರ ಹಿಂದೆ ಒಂದು ಒಳ ಒಪ್ಪಂದವಿತ್ತು. ಅಭ್ಯಾಸಕ್ಕೆಲ್ಲ ಸೌಮ್ಯವಾದ ಪಾಯಿಂಟ್ 38 ತೋಟಾ, ಪ್ರಸಂಗ ಬಂದಾಗ ಮಾತ್ರ ಮ್ಯಾಗ್ನಂ. ಹಬ್ಬಕ್ಕೊಮ್ಮೆ ಹೋಳಿಗೆ ಉಂಡ ಹಾಗೆ. ಹೀಗೆ ನಡೆಸಿದಷ್ಟು ಕಾಲ ಆ ರಿವಾಲ್ವರುಗಳು ಅಪ್ಪನಿಂದ ಮಗನಿಗೆ ಬರುವಷ್ಟು ಬಾಳಿದವು.

1970ರ ದಶಕದಲ್ಲಿ ಕಾಲ ಬದಲಾಯಿತು. ಕೆಲಸಕ್ಕೆ ಒಯ್ಯುವ ತೋಟಾದಲ್ಲೇ ಅಭ್ಯಾಸವೂ ಆಗಬೇಕು ಅನ್ನೋ ನೀತಿ ಅಲ್ಲಿನ ಪೋಲೀಸ್ ಇಲಾಖೆಗಳಲ್ಲಿ ಬಂತು. ನೀತಿ ತಪ್ಪೇನಲ್ಲ. ಜತೆಗೆ ಎಂಟು ಗ್ರಾಮಿನ ಹಗುರ ಗುಂಡು, ಭಾರೀ ವೇಗ, ಭಾರೀ ಬೆಂಕಿ ಇರುವ ತೋಟಾಗಳು ಬಂದವು. ದಿನಾ ಹೋಳಿಗೆ! ಆಗ ಹೊಟ್ಟೆ ಕೆಟ್ಟಿತು. ನಳಿಗೆಯ ಹಿಂಬದಿಯ ಬಾಯಿ ಸೀಳತೊಡಗಿತು.

ಎಲ್ಲಿ ಸೀಳಿತು ಅನ್ನೋದೇ ಸ್ವಾರಸ್ಯ. ಮಧ್ಯಮ ಚೌಕಟ್ಟಿನಲ್ಲಿ ಜಾಗ ಸಾಲದೆ ನಳಿಗೆಯ ಬಾಯಿಯ ಕೆಳಭಾಗವನ್ನು ಸ್ವಲ್ಪ ಚಪ್ಪಟೆ ಕೆತ್ತಿದ್ದರು, ಸಿಲಿಂಡರಿಗೆ ತಾಗದಿರಲಿ ಅಂತ. ಆ ಕೆತ್ತಿದ ತೆಳು ಜಾಗದಲ್ಲೇ ಬಿರುಕು! ಸಣ್ಣ ಗಾತ್ರದ ಆಸೆಗೆ ಎಲ್ಲಿ ಕಬ್ಬಿಣ ಉಳಿಸಿದರೋ ಅಲ್ಲೇ ಮದ್ದು ತನ್ನ ಬಾಕಿ ವಸೂಲಿ ಮಾಡಿತು. ಲೆಕ್ಕದ ಪುಸ್ತಕ ಇಡುವ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಂಪನಿ ಕೊನೆಗೆ 1980ರ ಹೊತ್ತಿಗೆ ಕೆ ಮತ್ತು ಎನ್ ನಡುವೆ ಎಲ್ ಎಂಬ ಹೊಸ ಚೌಕಟ್ಟು ಮಾಡಿತು. ಹಿಡಿಕೆ ಕೆ ಗಾತ್ರದ್ದು, ನಳಿಗೆಯ ಬಾಯಿಯ ಸುತ್ತ ಕಬ್ಬಿಣ ಮಾತ್ರ ದಪ್ಪ. ತೂಕ ಮತ್ತೆ 1,100 ಗ್ರಾಮಿನಾಚೆ ಹೋಯಿತು. ಅಂದರೆ ಇಪ್ಪತ್ತೈದು ವರ್ಷ ಸುತ್ತಾಡಿ ಬಂದು ಕಲಿತ ಪಾಠ ಇಷ್ಟೇ. ದೊಡ್ಡ ಮದ್ದು ದಿನಾ ಹೊಡೆಯಬೇಕೆಂದರೆ ಅಷ್ಟು ಕಬ್ಬಿಣ ಹೊರಲೇಬೇಕು, ಬೇರೆ ದಾರಿಯಿಲ್ಲ.

"ಈಗ ಸಣ್ಣ ಮ್ಯಾಗ್ನಂ ಬಂದಾವಲ್ರೀ" ಅಂತ ನಮ್ಮ ತರುಣ ಬಾಯಿ ಹಾಕುತ್ತಾನೆ, ಗೊತ್ತು. ಬಂದಿವೆ. ಉಕ್ಕು ಸುಧಾರಿಸಿತು. 1990ರ ದಶಕದಿಂದ ಜೆ ಗಾತ್ರದಲ್ಲೂ ಮ್ಯಾಗ್ನಂ ಮಾಡುತ್ತಿದ್ದಾರೆ. ಆದರೆ ಗನ್ನು ತಾಳಿತು ಅಂತ ಕೈ ತಾಳುತ್ತದೆಯೇ? ರಿವಾಲ್ವರು ಹಗುರಾದಷ್ಟೂ ಒದೆತ ಜಾಸ್ತಿ. ಮೊದಲ ಗುಂಡು ಹಾರಿಸಿದ ಮೇಲೆ ಮಣಿಕಟ್ಟು ಆಕಾಶ ನೋಡುತ್ತದೆ, ಕಿವಿ ಗುಂಯ್ ಅನ್ನುತ್ತದೆ, ಎರಡನೆಯ ಗುಂಡು ದೇವರಿಗೆ. 1971ರಲ್ಲಿ ಬಂದ 'ಡರ್ಟಿ ಹ್ಯಾರಿ' ಅನ್ನುವ ಇಂಗ್ಲಿಷ್ ಸಿನೆಮಾದಲ್ಲಿ ಹೀರೋ ಪಾಯಿಂಟ್ 44 ಮ್ಯಾಗ್ನಂ ಹಿಡಿದು ನಿಂತ. ಅದು ದೊಡ್ಡ ಎನ್ ಚೌಕಟ್ಟಿನದು. ಹೀರೋನೂ ದೊಡ್ಡ ಚೌಕಟ್ಟಿನವನೇ! ಚಿತ್ರ ನೋಡಿದ ಜನಕ್ಕೆ ಮ್ಯಾಗ್ನಂ ಅನ್ನೋ ಶಬ್ದ ನೆನಪುಳಿಯಿತು, ಚೌಕಟ್ಟು ಮರೆತುಹೋಯಿತು.

ನಮ್ಮ ಪಾಲಿಗೆ ಬಂದದ್ದು

ಅಮೆರಿಕದ ಮಾತು ಸಾಕು, ಗದಗ ಜಿಲ್ಲೆಗೆ ಬರೋಣ. ಡಿ.ಸಿ. ಸಾಹೇಬರಿಗೆ ಅರ್ಜಿ ಕೊಟ್ಟು, ಪೋಲೀಸ್ ವಿಚಾರಣೆಯಾಗಿ, ಕಾರಣ ಒಪ್ಪಿಗೆಯಾಗಿ ಲೈಸೆನ್ಸ್ ಸಿಕ್ಕಿತು ಅಂತ ಇಟ್ಟುಕೊಳ್ಳಿ. ನಮ್ಮಂಥವರು ಹೊಸದಾಗಿ ಕೊಳ್ಳಬಹುದಾದ ರಿವಾಲ್ವರು ಸಾಮಾನ್ಯವಾಗಿ ಪಾಯಿಂಟ್ 32. ಸರಕಾರದ ಕಾನ್ಪುರ ಕಾರ್ಖಾನೆಯ ಮಾಲು. ಅಲ್ಲಿಂದಲೇ 2014ರಲ್ಲಿ 'ನಿರ್ಭೀಕ್' ಅಂತ ಹೆಂಗಸರಿಗಾಗಿ ಅರ್ಧ ಕಿಲೋ ತೂಕದ, ಟೈಟೇನಿಯಂ ಮಿಶ್ರಲೋಹದ ರಿವಾಲ್ವರು ಬಂತು. ಆಗಿನ ಬೆಲೆ ಒಂದು ಲಕ್ಷ ಇಪ್ಪತ್ತೆರಡು ಸಾವಿರ ಚಿಲ್ಲರೆ. ಒಂದು ಜೋಡಿ ಎತ್ತಿನ ರೊಕ್ಕ!

ಕಾನ್ಪುರದ ಪಾಯಿಂಟ್ 32ರ ವಂಶವೃಕ್ಷ ಹುಡುಕಿದರೆ ಇಂಗ್ಲಿಷರ ಕಾಲದ ವೆಬ್ಲಿ ರಿವಾಲ್ವರ್ ಸಿಗುತ್ತದೆ. ಅದರ ಚೌಕಟ್ಟು ಇಡಿಯಾದ ಒಂದೇ ತುಂಡಲ್ಲ. ಮುಂದೆ ಕೆಳಗಡೆ ಬಿಜಾಗರಿ, ಮೇಲೆ ಹಿಂದುಗಡೆ ಒಂದು ಚಿಲಕ. ಚಿಲಕ ತೆಗೆದರೆ ನಳಿಗೆ ಮುಂದಕ್ಕೆ ಬಾಗಿ, ಹಾರಿದ ತೋಟಾ ಒಟ್ಟಿಗೇ ಹೊರಬೀಳುತ್ತವೆ. ನಮ್ಮ ಮನೆಯ ಟ್ರಂಕಿನ ಹಾಗೆ. ತುಂಬುವುದು ಸುಲಭ, ತೆಗೆಯುವುದು ಸುಲಭ. ಆದರೆ ಟ್ರಂಕಿನ ಬಲವೆಲ್ಲ ಬಿಜಾಗರಿ, ಚಿಲಕದಲ್ಲಿ. ಅತಿ ತುಂಬಿ ಮುಚ್ಚಳದ ಮೇಲೆ ಕುಳಿತು ಚಿಲಕ ಹಾಕಿದವರಿಗೆ ಅದರ ಗತಿ ಗೊತ್ತು!

ಹೀಗಂತ ಅದು ಕಳಪೆ ಅಂತಲ್ಲ. 15,000 ಪೌಂಡಿನ ಮಿತಿಯ ತೋಟಾಕ್ಕೆ ಆ ಕಟ್ಟು ಸಾಕು. ಪಾಯಿಂಟ್ 32 ಸೌಮ್ಯ, ಅದರ ಚೌಕಟ್ಟೂ ಸೌಮ್ಯ. ಗಂಡ ಹೆಂಡತಿ ಜೋಡಿ ಸರಿಯಾಗಿದೆ. ತೊಂದರೆ ಬರುವುದು ಮೂರನೆಯವರು ನಡುವೆ ಬಂದಾಗ. 1984ರಲ್ಲಿ ಅಮೆರಿಕದಲ್ಲಿ ಪಾಯಿಂಟ್ 32ರಲ್ಲೂ ಒಂದು ಮ್ಯಾಗ್ನಂ ಹುಟ್ಟಿತು. ಹಳೆಯ ತೋಟಾದ ದಪ್ಪವೇ, ಉದ್ದ ಜಾಸ್ತಿ, ಒತ್ತಡವೂ ಜಾಸ್ತಿ. ಹೆಸರು ಒಂದೇ ಥರ ಇದೆ ಅಂತ "ಇದನ್ನ ಅದರಾಗ ಹಾಕಿ ನೋಡೂಣು" ಅನ್ನುವ ಪ್ರಯೋಗಶೀಲರು ಎಲ್ಲ ಊರಲ್ಲೂ ಇರುತ್ತಾರೆ. ಕೈಮುಗಿದು ಹೇಳುತ್ತೇನೆ, ಬೇಡ. ನಳಿಗೆಯ ಮೇಲೆ ಏನು ಕೆತ್ತಿದೆಯೋ, ತೋಟಾದ ತಳದಲ್ಲೂ ಅದೇ ಇರಬೇಕು. ಒಂದಕ್ಷರ ಹೆಚ್ಚಿದ್ದರೂ ಮುಟ್ಟಬಾರದು.

ಅಜ್ಜನ ಕಾಲದ ಲೈಸೆನ್ಸ್ ರಿವಾಲ್ವರ್ ಕಪಾಟಿನಲ್ಲಿ ಇರುವವರಿಗೂ ಒಂದು ಮಾತು. ಖಾಲಿ ಮಾಡಿ, ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡು, ಲೈಸೆನ್ಸ್ ಇರುವ ಆಯುಧ ರಿಪೇರಿಯವರಲ್ಲಿ ಒಮ್ಮೆ ತೋರಿಸಿರಿ. ಸಿಲಿಂಡರು ಕುಲುಕುತ್ತದೆಯೇ, ಬಿಜಾಗರಿ ಸಡಿಲವೇ, ಚಿಲಕ ಪೂರಾ ಕೂಡುತ್ತದೆಯೇ? ಇಷ್ಟು ಪರಾಮರಿಸದೆ ದೀಪಾವಳಿಗೊಮ್ಮೆ ಪೂಜೆ ಮಾಡಿ ಒಳಗಿಟ್ಟರೆ ಅದು ಆಯುಧವಲ್ಲ, ಅಪಾಯ.

ಲೋಕಲ್ ಮಾಲು

ಈಗ ಮೂರನೆಯವನ ಮಾತು. "ಎಂಥಾ ತೋಟಾ ಹಾಕಿದ್ರೂ ಹಾರತೈತಿ" ಅಂದನಲ್ಲ? ನಿಜ. ಹಾರುತ್ತದೆ. ಯಾವ ಕಡೆ ಹಾರುತ್ತದೆ ಅನ್ನೋದು ಮಾತ್ರ ಹೇಳಲಿಕ್ಕಾಗದು!

ನಾಡ ಪಿಸ್ತೂಲು ಅಂದರೆ ಏನು? ನೀರಿನ ಪೈಪು, ಗುಜರಿಗೆ ಬಂದ ಲಾರಿಯ ಸ್ಟೇರಿಂಗ್ ರಾಡು, ಒಂದು ಸ್ಪ್ರಿಂಗು, ಒಂದು ಮೊಳೆ. ಕಾರ್ಖಾನೆಯಲ್ಲಿ ತಯಾರಾದ ಬಂದೂಕಿಗೆ ಪ್ರೂಫ್ ಪರೀಕ್ಷೆ ಇರುತ್ತದೆ. ಮಾಮೂಲಿಗಿಂತ ಜಾಸ್ತಿ ಒತ್ತಡದ ತೋಟಾ ಹಾರಿಸಿ, ತಾಳಿದರೆ ಮುದ್ರೆ ಒತ್ತುತ್ತಾರೆ. ನಾಡ ಪಿಸ್ತೂಲಿಗೆ ಪರೀಕ್ಷೆ ಮಾಡುವವನು ಕೊಂಡವನೇ. ಪರೀಕ್ಷೆಯ ಮುದ್ರೆ ಬೀಳುವುದು ಅವನ ಅಂಗೈ ಮೇಲೆ. ದೊಡ್ಡ ಕಂಪನಿಯ ಹದಗೊಳಿಸಿದ ಉಕ್ಕೇ ತೆಳುವಾದ ಜಾಗದಲ್ಲಿ ಬಿರಿಯಿತು ಅಂತ ಮೇಲೆ ಹೇಳಿದೆನಲ್ಲ? ಹಾಗಿದ್ದ ಮೇಲೆ ನೀರಿನ ಪೈಪು ಎಷ್ಟು ಹೊತ್ತು ತಾಳೀತು? ಮೊದಲ ಸಲ ತಾಳಿದರೆ ಎರಡನೆಯ ಸಲ ಧೈರ್ಯ ಬರುತ್ತದೆ, ಐದನೆಯ ಸಲ ಬೆರಳು ಹೋಗುತ್ತದೆ. ಯಾವ ಸಲ ಅಂತ ಪೈಪು ಮೊದಲೇ ನೋಟೀಸು ಕೊಡುವುದಿಲ್ಲ.

ಬೆರಳು ಉಳಿದರೂ ಕಾನೂನು ಬಿಡುವುದಿಲ್ಲ. 1959ರ ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ ಶಿಕ್ಷೆ ಬಿಗಿಯಾಗಿದೆ. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ ಎರಡು ವರ್ಷದಿಂದ ಐದು ವರ್ಷ ಜೈಲು, ಮೇಲೆ ದಂಡ. ಮಾಡಿ ಮಾರುವವನಿಗೆ ಏಳು ವರ್ಷಕ್ಕೆ ಕಡಿಮೆಯಿಲ್ಲ, ಜನ್ಮಠೇಪಿಯವರೆಗೂ ಉಂಟು. ಮದುವೆ ಮೆರವಣಿಗೆಯಲ್ಲಿ ಉತ್ಸಾಹಕ್ಕೆ ಗಾಳಿಯಲ್ಲಿ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ, ಲೈಸೆನ್ಸ್ ಇದ್ದವನಿಗೂ ಎರಡು ವರ್ಷದವರೆಗೆ ಸಜೆ ಅಥವಾ ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಅದೇ ತಿದ್ದುಪಡಿಯಲ್ಲಿ ಒಬ್ಬ ಲೈಸೆನ್ಸ್‌ದಾರನಿಗೆ ಮೂರರ ಬದಲು ಎರಡೇ ಆಯುಧ ಅಂತಾಯಿತು. ಲೈಸೆನ್ಸಿನ ಅವಧಿ ಮೂರು ವರ್ಷದ ಬದಲು ಐದಾಯಿತು. ಬೆಳೆ ಕಾಯಲಿಕ್ಕೆ ರೈತನಿಗೆ ಕಾಯ್ದೆಯಲ್ಲೇ ದಾರಿ ಇದೆ. ಅದು ಮದ್ದು ತುಂಬಿ ಹೊಡೆಯುವ ಹಳೆಯ ಕೋವಿಗೆ, ಕಿಸೆಯ ರಿವಾಲ್ವರಿಗಲ್ಲ.

ಸುರೇಬಾನದ ರಾತ್ರಿ

ಬಂದೂಕು, ಚೌಕಟ್ಟು ಎಂಬ ಮಾತು ನಮ್ಮ ಸೀಮೆಗೆ ಹೊಸದೇನಲ್ಲ. 1857ರಲ್ಲಿ ಇಂಗ್ಲಿಷರು ಆಯುಧ ಕಸಿಯುವ ಕಾನೂನು ತಂದಾಗ ಮುಧೋಳದ ಹತ್ತಿರದ ಹಲಗಲಿಯ ಬೇಡರು ಸಿಡಿದೆದ್ದರು, ಗಲ್ಲಿಗೇರಿದರು. ಮರುವರ್ಷ ನಮ್ಮ ನರಗುಂದದ ಬಾಬಾಸಾಹೇಬರ ಸರದಿ. ನರಗುಂದದಿಂದ ರಾಮದುರ್ಗದ ಕಡೆ ಹೋಗುವವರಿಗೆ ಸುರೇಬಾನ ಗೊತ್ತು. 1858ರ ಮೇ 29ರ ರಾತ್ರಿ ಇಂಗ್ಲಿಷರ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಅಲ್ಲಿ ಬೀಡುಬಿಟ್ಟಿದ್ದಾಗ ಬಾಬಾಸಾಹೇಬರ ಜನ ಮುತ್ತಿದರು. ಮ್ಯಾನ್ಸನ್ ನಿದ್ದೆಯಿಂದೆದ್ದು ರಿವಾಲ್ವರು ಹಾರಿಸಿದ, ಒಬ್ಬನಿಗೆ ಗಾಯವಾಯಿತು, ಅಷ್ಟರಲ್ಲಿ ಅವನ ಕತೆ ಮುಗಿಯಿತು ಎಂದು ಇಂಗ್ಲಿಷರೇ ಬರೆದಿಟ್ಟಿದ್ದಾರೆ. ಅವನ ರುಂಡ ನರಗುಂದದ ಅಗಸಿಯಲ್ಲಿ ತೂಗಿತು. ಜೂನ್ 12ರಂದು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದರು.

ಆ ಕಾಲದ ಇಂಗ್ಲಿಷ್ ಅಧಿಕಾರಿಗಳಲ್ಲೂ ಇದೇ ಚೌಕಟ್ಟಿನ ಜಗಳವಿತ್ತು ಅಂದರೆ ನಂಬುತ್ತೀರಾ? ಕೆಲವರು ಅಮೆರಿಕದ ಕೋಲ್ಟ್ ಕೊಳ್ಳುತ್ತಿದ್ದರು. ಅದರ ಸಿಲಿಂಡರಿನ ಮೇಲೆ ಪಟ್ಟಿಯೇ ಇರಲಿಲ್ಲ, ಮೇಲ್ಭಾಗ ಬಯಲು. ಕೆಲವರು ಇಂಗ್ಲೆಂಡಿನ ಆಡಮ್ಸ್ ಕೊಳ್ಳುತ್ತಿದ್ದರು. ಅದರ ಚೌಕಟ್ಟು, ನಳಿಗೆ ಎರಡೂ ಒಂದೇ ಇಡೀ ತುಂಡು. ಯಾವುದು ಗಟ್ಟಿ ಅಂತ ವಾದವೋ ವಾದ. ಕೊನೆಗೆ ಕೋಲ್ಟ್ ಕಂಪನಿಯೇ 1873ರಲ್ಲಿ ಮೇಲ್ಪಟ್ಟಿ ಇರುವ ಚೌಕಟ್ಟಿಗೆ ಬಂತು. ಚೌಕಟ್ಟಿನ ವಾದದಲ್ಲಿ ಗೆದ್ದದ್ದು ಗಟ್ಟಿ ಕಬ್ಬಿಣ.

ಆದರೆ ಸುರೇಬಾನದ ರಾತ್ರಿಯ ವಾದದಲ್ಲಿ ಗೆದ್ದದ್ದು ಕಬ್ಬಿಣವಲ್ಲ. ಸರಕಾರದ ಅಧಿಕಾರಿ, ಕೈಯಲ್ಲಿ ಆ ಕಾಲದ ಹೊಸ ಯಂತ್ರ, ಹಾರಿಸಲಿಕ್ಕೂ ಬರುತ್ತಿತ್ತು, ಹಾರಿಸಿದ. ಆದರೂ ನಿದ್ದೆಗಣ್ಣಿನಲ್ಲಿ, ಕತ್ತಲೆಯಲ್ಲಿ, ಸುತ್ತ ಜನ ಮುತ್ತಿದಾಗ ಅದು ಅವನನ್ನು ಉಳಿಸಲಿಲ್ಲ. ರಾತ್ರಿ ಒಂಬತ್ತಕ್ಕೆ ಒಂದು ಕೈಯಲ್ಲಿ ಗಲ್ಲೆಯ ಚೀಲ, ಇನ್ನೊಂದು ಕೈಯಲ್ಲಿ ಕೀಲಿಕೈ ಗೊಂಚಲು ಹಿಡಿದ ನಮ್ಮ ಸಾವಕಾರರನ್ನು ಉಳಿಸೀತೇ? ಅವರು ಅಂಗಿಯ ಗುಂಡಿ ಬಿಚ್ಚಿ ಕಿಸೆಗೆ ಕೈ ಹಾಕುವಷ್ಟರಲ್ಲಿ ಬಂದವನು ಚೀಲ, ರಿವಾಲ್ವರು ಎರಡನ್ನೂ ಕಸಿದುಕೊಂಡು ಹೋದರೆ? ಕಳೆದದ್ದು ಒಂದು ದಿನದ ವ್ಯಾಪಾರ, ಕಳ್ಳನ ಕೈಗೆ ಕೊಟ್ಟದ್ದು ಒಂದು ಆಯುಧ. ಮೇಲೆ ಠಾಣೆಗೆ ಅಲೆದಾಟ!

ಹಾಗಾದರೆ ಮಾಡೂದೇನು?

ನಾನು ರಿವಾಲ್ವರ್ ಬೇಡವೇ ಬೇಡ ಅನ್ನುವ ಸಂತನಲ್ಲ. ಬಂಗಾರದ ಅಂಗಡಿಯವರಿದ್ದಾರೆ, ಬ್ಯಾಂಕಿನ ಕಾವಲಿನವರಿದ್ದಾರೆ, ತೋಟದ ಮನೆಯಲ್ಲಿ ಒಂಟಿಯಾಗಿರುವವರಿದ್ದಾರೆ. ನಿಜವಾದ ಕಾರಣ ಇದ್ದವರು ಲೈಸೆನ್ಸ್ ತೆಗೆದುಕೊಳ್ಳಲಿ, ಕಾರ್ಖಾನೆಯ ಮಾಲೇ ಕೊಳ್ಳಲಿ, ಅದಕ್ಕೆ ಹೇಳಿದ ತೋಟಾವನ್ನೇ ಹಾಕಲಿ, ಹಾರಿಸಲಿಕ್ಕೆ ಕಲಿಯಲಿ. ಕಲಿಯದವನ ಕೈಯ ಮ್ಯಾಗ್ನಂಗಿಂತ ಕಲಿತವನ ಕೈಯ ಪಾಯಿಂಟ್ 32 ಎಷ್ಟೋ ಮೇಲು. ಆದರೆ ಹೆದರಿಕೆಗೆ ಮದ್ದು ಅಂತ ಮದ್ದಿನ ಗಾತ್ರ ಏರಿಸುತ್ತ ಹೋಗುವುದು ಮೂರ್ಖತನ.

ಸಾವಕಾರರ ಹೆದರಿಕೆ ಸುಳ್ಳಲ್ಲ. ಅದಕ್ಕೆ ನಗುವ ಹಕ್ಕು ನನಗಿಲ್ಲ. ಒಂಬತ್ತು ಗಂಟೆಯ ಕತ್ತಲೆ ನಿಜ. ಗಲ್ಲೆಯ ರೊಕ್ಕ ನಿಜ. ಅವರು ಕೇಳುವುದು ರಿವಾಲ್ವರಾದರೂ ಅವರಿಗೆ ಬೇಕಾದ್ದು ನೆಮ್ಮದಿಯಿಂದ ಮನೆ ಮುಟ್ಟುವ ದಾರಿ. ಆ ದಾರಿಗೂ ಒಂದು ಚೌಕಟ್ಟು ಬೇಕು. ಉರಿಯುವ ಬೀದಿ ದೀಪ, ರಾತ್ರಿ ಒಂದು ಸುತ್ತು ಬರುವ ಪೋಲೀಸು, ಅಕ್ಕಪಕ್ಕದ ನಾಲ್ಕು ಅಂಗಡಿಯವರು ಒಂದೇ ಹೊತ್ತಿಗೆ ಬಾಗಿಲು ಹಾಕಿ ಕೂಡಿ ಹೊರಡುವ ಪದ್ಧತಿ, ಇಡೀ ದಿನದ ರೊಕ್ಕ ರಾತ್ರಿ ಒಯ್ಯದೆ ಮಧ್ಯಾಹ್ನವೇ ಬ್ಯಾಂಕಿಗೆ ಕಟ್ಟುವ ರೂಢಿ. ಈ ಚೌಕಟ್ಟು ಗಟ್ಟಿಯಿದ್ದಲ್ಲಿ ಸಣ್ಣ ಗುಂಡೂ ಬೇಕಾಗುವುದಿಲ್ಲ. ಇದು ಸಡಿಲಾದಲ್ಲಿ ಯಾವ ಮ್ಯಾಗ್ನಂ ತಂದರೂ ಸಾಲುವುದಿಲ್ಲ.

ಸರಕಾರದವರಿಗೂ ಎರಡು ಮಾತು. ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೋಲೀಸರು ನಾಗರಿಕ ಬಂದೂಕು ತರಬೇತಿ ನಡೆಸುತ್ತಾರೆ. ಒಳ್ಳೆಯ ಕೆಲಸ. ರೋಣ, ನರಗುಂದ, ಗಜೇಂದ್ರಗಡದ ಲೈಸೆನ್ಸ್‌ದಾರರಿಗೆ ಅವರವರ ತಾಲೂಕಿನಲ್ಲೇ ಅಂಥ ಶಿಬಿರ ವರ್ಷಕ್ಕೊಮ್ಮೆ ಆಗಲಿ. ಎಲೆಕ್ಷನ್ ಬಂದಾಗ ಲೈಸೆನ್ಸ್ ಆಯುಧಗಳನ್ನು ಠಾಣೆಯಲ್ಲಿ ಜಮಾ ಮಾಡಿಸಿಕೊಳ್ಳುತ್ತಾರಲ್ಲ, ವಾಪಸು ಕೊಡುವ ಮೊದಲು ಒಬ್ಬ ಬಲ್ಲ ಆರ್ಮರರ್ ಕೈಯಲ್ಲಿ ಚೌಕಟ್ಟು, ಸಿಲಿಂಡರು, ಚಿಲಕ ತಪಾಸಣೆ ಮಾಡಿಸಿದರೆ ಎಷ್ಟು ಬೆರಳು ಉಳಿದಾವು! ಖರ್ಚೂ ಹೆಚ್ಚಿಲ್ಲ. ಹೇಗೂ ಆಯುಧಗಳು ಠಾಣೆಯಲ್ಲೇ ಇರುತ್ತವೆ. ಹಾಗೆಯೇ ಬಸ್ ಸ್ಟ್ಯಾಂಡಿನಲ್ಲಿ ದನಿ ತಗ್ಗಿಸಿ ಲೋಕಲ್ ಮಾಲಿನ ಸುದ್ದಿ ಹೇಳುವವರ ಕಡೆಗೂ ಒಂದು ಕಣ್ಣಿರಲಿ. ನನ್ನ ಕಿವಿಗೆ ಬಿದ್ದದ್ದು ಖಾಕಿ ಕಿವಿಗೆ ಬೀಳದೇ ಇದ್ದೀತೇ?

ನಿನ್ನೆ ಸಂಜೆ ಮತ್ತೆ ಸಾವಕಾರರು ಸಿಕ್ಕಿದ್ದರು. ಈ ಲೆಕ್ಕವನ್ನೆಲ್ಲ ಅವರ ಮುಂದೆ ಒಪ್ಪಿಸಿದೆ. ತಕ್ಕಡಿಯಲ್ಲಿ ಬೇಳೆ ತೂಗುತ್ತ ಸುಮ್ಮನೆ ಕೇಳಿದರು. ಕೊನೆಗೆ ತಕ್ಕಡಿಯ ಸರಪಳಿ ತೋರಿಸಿ ಅಂದರು: "ಇದ್ರಾಗ ಐದ್ ಕಿಲೋಕಿಂತ ಜಾಸ್ತಿ ನಾ ತೂಗೂದುಲ್ರೀ. ಸರಪಳಿ ತಾಳೂದಿಲ್ಲ ಅಂತ ನನಗ ಗೊತ್ತೈತಿ. ರಿವಾಲ್ವರಿನ ವಿಷಯದಾಗ ಯಾಕ ತಲಿಗೆ ಬರಲಿಲ್ಲೋ!"

ಅವರ ತಲೆಗೆ ಬಂತು. ಅಂಗಡಿ ಮುಂದಿನ ಕಂಬದ ದೀಪ ಮಾತ್ರ ನಿನ್ನೆಯೂ ಉರಿದಿರಲಿಲ್ಲ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?